ಕೊಳವೆ ಬಾವಿಯ ನೀರನ್ನು ಪರೀಕ್ಷಿಸದೆ ಕುಡಿಯಬಹುದೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಕೊಳವೆ ಬಾವಿಯನ್ನು ಕೊರೆಯಿಸುವ ಮೊದಲು ನಡೆಯುವ ಒಂದು ವಿಧಿಯನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ನೀರು ತೋರಿಸುವವನು ಜುಟ್ಟುಳ್ಳ ತೆಂಗಿನಕಾಯಿಯೊಂದನ್ನು ಅಂಗೈಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು ತೋಟದ ಉದ್ದಗಲಕ್ಕೂ ನಡೆಯುತ್ತಾನೆ. ಕಾಯಿ ಎಲ್ಲಿ ಎದ್ದು ನಿಂತಿತೋ ಅಲ್ಲಿ ಗೂಟ ಬಡಿಯುತ್ತಾರೆ. ಆ ಮೇಲೆ ಪೂಜೆ. ಆ ಮೇಲೆ ಲಾರಿಯ ಮೇಲೆ ಬರುವ ಯಂತ್ರ. ಆ ಮೇಲೆ ಎಂಟುನೂರೋ ಸಾವಿರವೋ ಅಡಿಗಳ ಕೊರೆತ. ಅದೃಷ್ಟವಿದ್ದು ನೀರು ಚಿಮ್ಮಿತೆಂದರೆ, ಯಜಮಾನನು ಒಂದು ಬೊಗಸೆಯನ್ನು ಬಾಯಿಗೆ ಹಾಕಿಕೊಂಡು "ಸಿಹಿನೀರು" ಎಂದು ಸಾರುವುದರೊಂದಿಗೆ ಆ ನೀರಿನ ಪರೀಕ್ಷೆ ಮುಗಿದಂತೆಯೇ ಸರಿ. ತೆಂಗಿನಕಾಯಿಗೆ ನೀರಿನ ನೆಲೆಯನ್ನು ತೋರಿಸುವ ಶಕ್ತಿಯಿದೆಯೆ ಎಂಬುದನ್ನು ಚರ್ಚಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ನಮಗೆ ಅದರಲ್ಲಿ ನಂಬಿಕೆಯಿಲ್ಲವೆಂದಷ್ಟೇ ಹೇಳಿ ಮುಂದುವರಿಯುತ್ತೇವೆ. ನಮ್ಮನ್ನು ಕಾಡುವ ಸಂಗತಿ ಬೇರೆ. ಒಂದು ಬಾವಿಗಾಗಿ ಲಕ್ಷಗಟ್ಟಲೆ ರೂಪಾಯಿಗಳನ್ನು ಸುರಿಯುವ ತೋಟಗಾರನು, ಆ ನೀರಿನಲ್ಲಿ ಏನೇನು ಕರಗಿದೆಯೆಂದು ತಿಳಿಯಲು ಕೆಲವು ನೂರು ರೂಪಾಯಿಗಳನ್ನು ವೆಚ್ಚ ಮಾಡುವುದಿಲ್ಲ. ನೀರು ಇದೆಯೆ ಎಂದು ತಿಳಿಯುವುದಕ್ಕೆ ಅಷ್ಟೊಂದು ಪರದಾಟ. ನೀರು ಎಂಥದು ಎಂದು ತಿಳಿಯುವುದಕ್ಕೆ ಒಂದು ಬೊಗಸೆ!

ತೆಂಗಿನ ಸೀಮೆಯ ವಸತಿಕ್ರಮವನ್ನು ಬಲ್ಲವರಿಗೆ ಈ ಪ್ರಶ್ನೆಯು ಎಷ್ಟು ಸಂಸಾರಗಳಿಗೆ ಸಂಬಂಧಪಟ್ಟದ್ದೆಂಬುದನ್ನು ವಿವರಿಸಬೇಕಾಗಿಲ್ಲ. ಊರೊಳಗಿನ ಮನೆ ಬೇರೆ, ತೋಟದ ಮನೆ ಬೇರೆ. ಕಾಯಿ ಕಾಯಲು, ಅಟ್ಟದ ಮೇಲೆ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಕೂಡಿಟ್ಟ ರಾಶಿಯನ್ನು ನೋಡಿಕೊಳ್ಳಲು, ದನಕರುಗಳ ಅನುಕೂಲಕ್ಕೆ ಎಂದು ಎಷ್ಟೋ ಕುಟುಂಬಗಳು ಊರಿನಿಂದ ದೂರದಲ್ಲಿ, ತಮ್ಮ ತಮ್ಮ ತೋಟಗಳಲ್ಲಿಯೇ ನೆಲೆಸಿವೆ. ಊರಿನ ನಲ್ಲಿಯಲ್ಲಿ ಬರುವ ನೀರು ಹೇಮಾವತಿಯಿಂದ ತುಂಬಿದ ಕೆರೆಯದಾಗಲಿ, ಪಂಚಾಯಿತಿಯ ಕೊಳವೆ ಬಾವಿಯದಾಗಲಿ, ಅದನ್ನು ಆಗಾಗ ಪರೀಕ್ಷಿಸಬೇಕಾದ ಹೊಣೆ ಸರ್ಕಾರದ ಒಂದು ಇಲಾಖೆಯ ಮೇಲಿದೆ. ಆ ಹೊಣೆ ಎಷ್ಟರ ಮಟ್ಟಿಗೆ ನೆರವೇರುತ್ತದೆಂಬುದು ಬೇರೆ ಮಾತು. ಕೇಳುವುದಕ್ಕೆ ಒಂದು ಬಾಗಿಲಾದರೂ ಇದೆ. ತೋಟದ ಮನೆಯ ನೀರಿಗೆ ಅಂಥ ಹೊಣೆಗಾರರು ಯಾರೂ ಇಲ್ಲ. ಅಂತರ್ಜಲದ ನಿಯಂತ್ರಣಕ್ಕಾಗಿ ಕರ್ನಾಟಕದಲ್ಲಿ 2011ರ ಒಂದು ಅಧಿನಿಯಮವಿದೆ. ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಅದು ಅನುಮತಿಯನ್ನೂ ನೋಂದಣಿಯನ್ನೂ ಕೇಳುತ್ತದೆ. ಆದರೆ ಅದರ ಮುಖ್ಯ ದೃಷ್ಟಿಯು ನೆಲದಿಂದ ಎಷ್ಟು ನೀರನ್ನು ತೆಗೆಯುತ್ತೀರಿ ಎಂಬುದರ ಮೇಲೆ. ತೆಗೆದ ನೀರನ್ನು ತೋಟದ ಮನೆಯ ಮಗು ಕುಡಿಯಬಹುದೆ ಎಂಬ ಪ್ರಶ್ನೆಯನ್ನು ಮಗುವಿನ ತಂದೆತಾಯಿಗಳೇ ಕೇಳಿಕೊಳ್ಳಬೇಕಾಗಿದೆ.

ಕೆಟ್ಟ ನೀರು ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಕೊಳೆ, ಹುಳು, ವಾಂತಿಭೇದಿ. ಅವು ಮೇಲಿನಿಂದ ಇಳಿದು ಬಂದ ಕೇಡುಗಳು. ಆಳದ ಬಂಡೆಯಿಂದಲೇ ನೀರಿಗೆ ಬಂದು ಸೇರುವ ಖನಿಜಗಳ ವಿಚಾರ ಬೇರೆಯಾದುದು. ಅವುಗಳಲ್ಲಿ ಕೆಲವು ತಮ್ಮ ಇರವನ್ನು ತಾವೇ ಸಾರುತ್ತವೆ. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲುಗಳಲ್ಲಿ ಕಬ್ಬಿಣದ ಮತ್ತು ಮ್ಯಾಂಗನೀಸಿನ ಅದಿರುಗಳಿರುವುದು ಎಲ್ಲರೂ ಬಲ್ಲ ವಿಷಯ. ನೀರಿನಲ್ಲಿ ಕಬ್ಬಿಣ ಹೆಚ್ಚಾದರೆ ಬಿಂದಿಗೆಯ ತಳ ಕೆಂಪಾಗುವುದು, ಬಿಳಿಯ ಪಂಚೆ ತುಕ್ಕಿನ ಬಣ್ಣಕ್ಕೆ ತಿರುಗುವುದು. ಮ್ಯಾಂಗನೀಸು ಹೆಚ್ಚಾದರೆ ಕಪ್ಪು ಕಲೆ ಕಟ್ಟುವುದು. ಮನೆಯಾಕೆ ಗೊಣಗುತ್ತಾಳೆ, ಯಜಮಾನನು ಏನಾದರೊಂದು ಏರ್ಪಾಡು ಮಾಡುತ್ತಾನೆ. ಫ್ಲೋರೈಡು ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಾವು ಭಯಪಡಬೇಕಾದ ಪ್ರಮಾಣದಲ್ಲಿ ಅದಕ್ಕೆ ನಾಲಗೆಗೆ ತಿಳಿಯುವ ರುಚಿಯೂ ಇಲ್ಲ. ಆ ಪ್ರಮಾಣ ಎಷ್ಟೆಂದರೆ, ಮನೆಯ ಚಾವಣಿಯ ಮೇಲಿರುವ ಸಾವಿರ ಲೀಟರಿನ ತೊಟ್ಟಿಯಲ್ಲಿ ಒಂದೂವರೆ ಗ್ರಾಂ, ಎಂದರೆ ಒಂದೆರಡು ಚಿಟಿಕೆ ಉಪ್ಪಿನಷ್ಟು.

ಈ ಫ್ಲೋರೈಡು ಎಲ್ಲಿಂದ ಬಂತು? ಯಾವ ಕಾರ್ಖಾನೆಯೂ ಅದನ್ನು ಹಾಕಲಿಲ್ಲ; ಯಾವ ಗೊಬ್ಬರದ ಅಂಗಡಿಯವರನ್ನೂ ಇದಕ್ಕಾಗಿ ದೂರುವಂತಿಲ್ಲ. 1894ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಯವರು ಈ ಸೀಮೆಯ ಶಿಲೆಗಳನ್ನು ಬಹಳ ಹಿಂದೆಯೇ ನಕ್ಷೆಗೆ ಇಳಿಸಿದ್ದಾರೆ. ತಿಪಟೂರು, ತುರುವೇಕೆರೆಗಳ ನೆಲದಡಿಯಲ್ಲಿರುವುದು ಬಹುಪಾಲು ನೈಸ್ ಎಂಬ ಪಟ್ಟೆಗಲ್ಲು. ಅದರ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಚಿಕ್ಕನಾಯಕನಹಳ್ಳಿಯ ಮೂಲಕ ಷಿಸ್ಟ್ ಎಂಬ ಪದರಶಿಲೆಯ ಪಟ್ಟಿಯೊಂದು ಚಿತ್ರದುರ್ಗದ ಕಡೆಗೆ ಹಾದುಹೋಗಿದೆ. ಈ ಬಂಡೆಗಳಲ್ಲಿ ಹೊಳೆಯುವ ಕರಿಯ ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್ ಮೊದಲಾದ ಖನಿಜಗಳಿವೆ. ಅವುಗಳ ಹರಳುಗಳೊಳಗೆ ಅಲ್ಪ ಪ್ರಮಾಣದಲ್ಲಿ ಫ್ಲೋರೀನು ಸೇರಿಕೊಂಡಿರುತ್ತದೆ. ಮಳೆಯ ನೀರು ಮಣ್ಣಿನೊಳಗಿನ ಇಂಗಾಲಾಮ್ಲವನ್ನು ಹೀರಿಕೊಂಡು ಬಂಡೆಯ ಬಿರುಕುಗಳಲ್ಲಿ ಇಳಿಯುವಾಗ ಈ ಖನಿಜಗಳನ್ನು ನಿಧಾನವಾಗಿ ಸವೆಯಿಸುತ್ತದೆ. ಮೂವತ್ತು ಅಡಿಯ ಬಾವಿಯಲ್ಲಿರುವ ನೀರು ಹೋದ ವರ್ಷದ ಮಳೆಯದಾಗಿರಬಹುದು; ಎಂಟುನೂರು ಅಡಿಯ ಬಿರುಕಿನಲ್ಲಿ ನಿಂತ ನೀರು ಎಷ್ಟೋ ಕಾಲದಿಂದ ಕಲ್ಲಿನೊಡನೆ ಸಹವಾಸ ಮಾಡಿದ್ದು. ಸಹವಾಸ ದೀರ್ಘವಾದಷ್ಟೂ ಅದು ಕಲ್ಲಿನಿಂದ ಪಡೆದದ್ದೂ ಹೆಚ್ಚು.

ಇಲ್ಲಿ ರಸಾಯನಶಾಸ್ತ್ರದ ಒಂದು ಸೂಕ್ಷ್ಮವಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಅಡುಗೆಮನೆಗಳ ನಂಬಿಕೆಯನ್ನು ಅದು ತಲೆಕೆಳಗು ಮಾಡುತ್ತದೆ. ಫ್ಲೋರೈಡಿಗೂ ಕ್ಯಾಲ್ಸಿಯಮ್ಮಿಗೂ ಬಹಳ ನಂಟು. ಎರಡೂ ನೀರಿನಲ್ಲಿ ಸೇರಿ ಒಂದು ಮಿತಿಯನ್ನು ಮುಟ್ಟಿದರೆ, ಕ್ಯಾಲ್ಸಿಯಂ ಫ್ಲೋರೈಡು ಎಂಬ ಕರಗದ ವಸ್ತುವಾಗಿ ಕೆಳಗಿಳಿದುಬಿಡುತ್ತವೆ. ಆದುದರಿಂದ ಎಲ್ಲಿಯ ತನಕ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆಯೋ ಅಲ್ಲಿಯ ತನಕ ಫ್ಲೋರೈಡು ಹೆಚ್ಚು ಏರಲಾರದು. ಆದರೆ ಒಣ ಸೀಮೆಯ ಆಳದ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣದ ಹರಳುಗಳಾಗಿ ಮಣ್ಣಿನಲ್ಲಿಯೇ ಕೂತುಬಿಡುತ್ತದೆ. ಅದರ ಸ್ಥಾನಕ್ಕೆ ಸೋಡಿಯಂ ಬರುತ್ತದೆ. ಆಗ ಫ್ಲೋರೈಡನ್ನು ತಡೆಯುವವರಿಲ್ಲ. ಈಗ ನಮ್ಮ ಗೃಹಿಣಿಯರು ನೀರನ್ನು ಪರೀಕ್ಷಿಸುವ ಕ್ರಮವನ್ನು ನೆನೆಯಿರಿ. ಬೇಳೆ ಬೇಯದಿದ್ದರೆ, ಸಾಬೂನು ನೊರೆಯಾಗದಿದ್ದರೆ, ಪಾತ್ರೆಯಲ್ಲಿ ಬಿಳಿಯ ಚಕ್ಕೆ ಕಟ್ಟಿದರೆ ಅದು ಗಡಸು ನೀರು, ಕೆಟ್ಟ ನೀರು. ಬೇಳೆ ಕರಗಿ, ನೊರೆ ಉಕ್ಕಿದರೆ ಮೆದು ನೀರು, ಒಳ್ಳೆಯ ನೀರು. ಆ ಚಕ್ಕೆ ಕಟ್ಟುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಮ್ಮಿನಿಂದ. ಫ್ಲೋರೈಡು ಹೆಚ್ಚಾಗಿರುವ ನೀರು ಅನೇಕ ಕಡೆಗಳಲ್ಲಿ ಮೆದುವಾದ, ಸೋಡಿಯಂ ತುಂಬಿದ ನೀರೇ ಆಗಿರುತ್ತದೆ. ಎರಡು ಬೋರುಗಳಿರುವ ತೋಟದಲ್ಲಿ "ಇದು ಗಡಸು, ತೋಟಕ್ಕಿರಲಿ, ಇದು ಮೆದು, ಅಡುಗೆಗಿರಲಿ" ಎಂದು ನಿರ್ಣಯಿಸಿದವರು ತಿಳಿಯದೆಯೇ ಎರಡರಲ್ಲಿ ಕೆಟ್ಟದ್ದನ್ನು ಆರಿಸಿಕೊಂಡಿರಬಹುದು. ಗಡಸು ನೀರೆಲ್ಲ ನಿರಪಾಯಕರವೆಂದು ನಾವು ಹೇಳುತ್ತಿಲ್ಲ. ಬೇಳೆಯು ಫ್ಲೋರೈಡಿನ ಪರೀಕ್ಷಕನಲ್ಲ ಎನ್ನುತ್ತಿದ್ದೇವೆ, ಅಷ್ಟೆ.

ಫ್ಲೋರೈಡಿನ ಈ ಗುಟ್ಟನ್ನು ಮನುಷ್ಯನು ಕಂಡುಕೊಂಡ ಕಥೆ ದೂರದೇಶದ್ದಾದರೂ ನಮ್ಮ ತೆಂಗಿನ ಸೀಮೆಗೆ ಕನ್ನಡಿ ಹಿಡಿದಂತಿದೆ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಬಂದು ನೆಲೆಸಿದನು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳನ್ನು ಕಂಡು ಅವನಿಗೆ ಆಶ್ಚರ್ಯವಾಯಿತು. ಉಜ್ಜಿದರೆ ಹೋಗದ ಕಲೆ. ಮೂವತ್ತು ವರ್ಷ ಅವನು ಅದರ ಬೆನ್ನು ಹತ್ತಿದನು. ಐಡಹೊ ಪ್ರಾಂತದ ಓಕ್ಲಿ ಎಂಬ ಊರಿನಲ್ಲಿ, ದೂರದ ಬಿಸಿನೀರಿನ ಬುಗ್ಗೆಯಿಂದ ಕೊಳಾಯಿಯನ್ನು ಎಳೆತಂದ ಮೇಲೆ ಮಕ್ಕಳ ಹಲ್ಲು ಕಲೆಯಾಗತೊಡಗಿತ್ತು. ಮೆಕೇ ಆ ನೀರನ್ನು ಪರೀಕ್ಷೆ ಮಾಡಿಸಿದನು. ಸಂಶಯಕ್ಕೆ ಎಡೆಯಾದದ್ದೇನೂ ಸಿಗಲಿಲ್ಲ. ಆದರೂ ಆ ಕೊಳಾಯಿಯನ್ನು ಬಿಟ್ಟು ಬೇರೆ ಬುಗ್ಗೆಯ ನೀರನ್ನು ಬಳಸಿರೆಂದು ಸಲಹೆ ಮಾಡಿದನು. ಊರಿನವರು ಹಾಗೆಯೇ ಮಾಡಿದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಹೊಸದಾಗಿ ಬಂದ ಹಲ್ಲುಗಳು ಕಲೆಯಿಲ್ಲದೆ ಬಿಳುಪಾಗಿ ಹುಟ್ಟಿದವು.

ಆರ್ಕನ್ಸಾ ಪ್ರಾಂತದ ಬಾಕ್ಸೈಟ್ ಎಂಬ ಗಣಿಯ ಊರಿನ ಕಥೆ ಇನ್ನೂ ಹತ್ತಿರದ್ದು. ಆ ಊರಿನವರು 1909ರಲ್ಲಿ ತಮ್ಮ ಹಳೆಯ ನೀರನ್ನು ಬಿಟ್ಟು ಆಳವಾಗಿ ಕೊರೆದ ಬಾವಿಗಳ ನೀರಿಗೆ ಬದಲಾದರು. ಮೊದಲೇ ಹಲ್ಲು ಬಂದಿದ್ದ ಹಿರಿಯರಿಗೆ ಏನೂ ಆಗಲಿಲ್ಲ. ಆಮೇಲೆ ಅಲ್ಲಿ ಬೆಳೆದ ಮಕ್ಕಳ ಹಲ್ಲು ಕೆಟ್ಟಿತು. ಕೆಲವೇ ಮೈಲಿ ದೂರದ ಊರಿನಲ್ಲಿ ಈ ತೊಂದರೆಯಿರಲಿಲ್ಲ. ಅಲ್ಲಿಯೂ ಸಾಧಾರಣ ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಕೊನೆಗೆ 1931ರಲ್ಲಿ ಅಲ್ಯುಮಿನಿಯಂ ಕಂಪೆನಿಯೊಂದರ ಮುಖ್ಯ ರಸಾಯನಶಾಸ್ತ್ರಜ್ಞನಾದ ಎಚ್. ವಿ. ಚರ್ಚಿಲ್ ಎಂಬಾತನು ಆ ನೀರನ್ನು ರೋಹಿತದರ್ಶಕ ಯಂತ್ರದಲ್ಲಿ ಪರೀಕ್ಷಿಸಿದನು. ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡು ಕಂಡುಬಂತು! ಅವನೇ ನಂಬದೆ ಮತ್ತೊಮ್ಮೆ ನೀರನ್ನು ತರಿಸಿ ನೋಡಿದನಂತೆ. ಅದುವರೆಗಿನ ಪರೀಕ್ಷೆಗಳು ಸುಳ್ಳಾಗಿರಲಿಲ್ಲ. ಅವು ಫ್ಲೋರೈಡನ್ನು ಹುಡುಕಿರಲಿಲ್ಲ, ಅಷ್ಟೆ. ಹುಡುಕದೆ ಇದ್ದದ್ದನ್ನು ಯಾವ ಪರೀಕ್ಷೆಯೂ ತೋರಿಸಲಾರದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. ಮುಂದೆ ಅದರ ಪ್ರಯೋಜನವಿದೆ.

ನಮ್ಮ ದೇಶದ ವಿಜ್ಞಾನಿಗಳೂ ಹಿಂದೆ ಬೀಳಲಿಲ್ಲ. 1937ರಲ್ಲಿ ಷಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು, ಆಗ ಮದರಾಸು ಪ್ರಾಂತದಲ್ಲಿದ್ದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಗ್ಗಿ ಕೀಲುಗಳು ಬಿಗಿದುಹೋದ ರೈತರನ್ನು ಪರೀಕ್ಷಿಸಿ, ಈ ರೋಗವು ಬಾವಿಯ ನೀರಿನ ಫ್ಲೋರೈಡಿನಿಂದ ಬಂದದ್ದೆಂದು ಪ್ರಕಟಿಸಿದರು. ಮುಂದೆ ನಲಗೊಂಡ ಜಿಲ್ಲೆಯ ಹೆಸರು ಈ ಕಾರಣದಿಂದಲೇ ಪ್ರಸಿದ್ಧಿಗೆ ಬಂತು. ನಮ್ಮ ತುಮಕೂರು ಜಿಲ್ಲೆಯಲ್ಲಿ ಪಾವಗಡಕ್ಕೆ ಆ ಕೀರ್ತಿ ಅಂಟಿದೆ. ತೆಂಗಿನ ಸೀಮೆಯವರ ನಿಶ್ಚಿಂತೆಗೆ ಇದೇ ಒಂದು ಕಾರಣವೆಂದು ನಮಗೆ ತೋರುತ್ತದೆ. "ಫ್ಲೋರೈಡೆಂದರೆ ಅದು ಪಾವಗಡದ ಕಡೆಯ ಕಾಯಿಲೆ, ನಮ್ಮದು ಕಲ್ಪತರು ನಾಡು, ಹಸಿರು ಸೀಮೆ" ಎಂಬ ಮಾತು ಇಲ್ಲಿ ಸಾಮಾನ್ಯ. ಪಾವಗಡ, ಸಿರಾ, ಮಧುಗಿರಿಗಳಲ್ಲಿ ತೊಂದರೆ ಹೆಚ್ಚೆಂಬುದು ನಿಜ. ಆದರೆ ತೆಂಗಿನ ತಾಲ್ಲೂಕುಗಳಲ್ಲಿಯೂ ಮಿತಿ ಮೀರಿದ ಬಾವಿಗಳು ಅಲ್ಲಲ್ಲಿ ಕಂಡುಬಂದಿವೆ. ಅಲ್ಲಲ್ಲಿ ಎಂಬುದೇ ಇಲ್ಲಿನ ಅಪಾಯ. ಊರಿಗೆ ಊರೇ ಕೆಟ್ಟರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಹತ್ತು ತೋಟಗಳ ನಡುವೆ ಒಂದು ತೋಟದ ಬಾವಿ ಕೆಟ್ಟರೆ ಆ ಮನೆಯ ಮಕ್ಕಳಿಗೆ "ಹಲ್ಲುಜ್ಜುವುದಿಲ್ಲ" ಎಂಬ ಬೈಗಳು ಸಿಗುತ್ತದೆ.

ಆ ಬೈಗಳು ಅನ್ಯಾಯವಾದದ್ದು. ಶಾಶ್ವತ ಹಲ್ಲುಗಳ ಹೊರಪದರವು ದವಡೆಯೊಳಗೆ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದ ತನಕ. ಆ ಅವಧಿಯಲ್ಲಿ ಮಗು ಮಿತಿ ಮೀರಿದ ಫ್ಲೋರೈಡನ್ನು ಕುಡಿದರೆ ಪದರವು ಸರಿಯಾಗಿ ಗಟ್ಟಿಯಾಗದೆ, ಹಲ್ಲು ಹುಟ್ಟುವಾಗಲೇ ಸುಣ್ಣದಂತೆ ಬಿಳಿಚಿಕೊಂಡು ಬರುತ್ತದೆ. ಮುಂದೆ ಅಡ್ಡಡ್ಡವಾಗಿ ಹಳದಿ, ಕಂದು ಗೆರೆಗಳು ಮೂಡುತ್ತವೆ. ಯಾವ ಪುಡಿ, ಯಾವ ಬೇವಿನ ಕಡ್ಡಿಯೂ ಅದನ್ನು ಅಳಿಸಲಾರದು. ಶಾಲೆಯಲ್ಲಿ ಬಾಯಿ ಮುಚ್ಚಿಕೊಂಡು ನಗುವ ಹುಡುಗಿ, ವಧುಪರೀಕ್ಷೆಯ ದಿನ ಅದೇ ಕಾರಣಕ್ಕೆ ತಲೆ ತಗ್ಗಿಸಿ ಕೂಡಬೇಕಾಗುತ್ತದೆ. ವಯಸ್ಕರ ವಿಚಾರ ಬೇರೆ. ಅವರ ಹಲ್ಲಿಗೆ ಏನೂ ಆಗದು. ಆದರೆ ಫ್ಲೋರೈಡು ಮೂಳೆಗಳಲ್ಲಿ ವರ್ಷ ವರ್ಷವೂ ಕೂಡುತ್ತ ಹೋಗುತ್ತದೆ. ಪ್ರಮಾಣ ಹೆಚ್ಚಾಗಿದ್ದು ಕಾಲ ದೀರ್ಘವಾದರೆ ಕತ್ತು, ಬೆನ್ನು, ಮೊಣಕಾಲುಗಳಲ್ಲಿ ನೋವು ಮತ್ತು ಬಿಗಿತ ತೋರುತ್ತವೆ. ಮೊಣಕಾಲು ನೋವೆಲ್ಲ ಫ್ಲೋರೈಡಿನಿಂದಲೇ ಬಂದದ್ದೆಂದು ಯಾರೂ ಭಾವಿಸಬಾರದು. ಮುಪ್ಪಿಗೂ ಮರ ಹತ್ತುವ ಕಸುಬಿಗೂ ಅದರಲ್ಲಿ ಪಾಲಿದೆ. ಯಾವುದರಿಂದ ಬಂದದ್ದೆಂದು ಬೇರ್ಪಡಿಸಿ ತಿಳಿಯಬೇಕಾದರೂ ವೈದ್ಯರಿಗೆ ಮೊದಲು ಬೇಕಾದದ್ದು ನೀರಿನ ಅಂಕಿಯೇ.

ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪಿಗೆಯ ಮಿತಿಯೆಂದೂ, ಬೇರೆ ನೀರೇ ಸಿಗದಿದ್ದಲ್ಲಿ 1.5 ಮಿಲಿಗ್ರಾಮಿನ ತನಕ ಸಹಿಸಿಕೊಳ್ಳಬಹುದೆಂದೂ ಗೊತ್ತುಪಡಿಸಿದೆ. ಸ್ವಲ್ಪ ಪ್ರಮಾಣದ ಫ್ಲೋರೈಡು ಹಲ್ಲಿಗೆ ಹಿತವೇ. ಹಲ್ಲಿನ ಪೇಸ್ಟಿನಲ್ಲಿ ಅದನ್ನು ಬೆರೆಸುವುದು ಅದಕ್ಕಾಗಿ. ಆದರೆ ಬಿಸಿಲಿನಲ್ಲಿ ದುಡಿಯುವವನ ಲೆಕ್ಕ ಬೇರೆ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ ಮೂರು ಲೀಟರು ಕುಡಿದವನಿಗೆ ನೀರಿನಿಂದಲೇ 6 ಮಿಲಿಗ್ರಾಂ ಸೇರಿತು. ದಿನವೊಂದಕ್ಕೆ ಎಲ್ಲ ಮೂಲಗಳಿಂದ ಸೇರಿ 6 ಮಿಲಿಗ್ರಾಂ ಮೀರಿದರೆ ಮೂಳೆಗಳಿಗೆ ಅಪಾಯ ಹೆಚ್ಚುವ ಸೂಚನೆಗಳಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಇನ್ನು ರಾಗಿಮುದ್ದೆಯ ಎಸರು, ಸಾರಿನ ನೀರು ಲೆಕ್ಕಕ್ಕೆ ಬರಲೇ ಇಲ್ಲ. ಮುದ್ದೆಗೆ ಇಟ್ಟ ಎಸರು ಬಹುಪಾಲು ಮುದ್ದೆಯಲ್ಲಿಯೇ ಉಳಿಯುತ್ತದೆ. ಅದರೊಡನೆ ಫ್ಲೋರೈಡೂ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಕೇಳಿಬರುವ ಆಕ್ಷೇಪಣೆಗಳು ನಮಗೆ ಗೊತ್ತು. ನಮ್ಮ ತಾತಂದಿರು ಇದೇ ನೆಲದ ನೀರನ್ನು ಕುಡಿದು ತೊಂಬತ್ತು ವರ್ಷ ಬಾಳಲಿಲ್ಲವೆ ಎನ್ನುತ್ತಾರೆ. ಬಾಳಿದರು, ಆದರೆ ಅವರು ಕುಡಿದದ್ದು ಇದೇ ನೆಲದ ಬೇರೆ ನೀರನ್ನು. ಅವರದು ಮೆಟ್ಟಿಲಿಳಿದು ತುಂಬಿಕೊಳ್ಳುವ ಬಾವಿ, ಕಲ್ಯಾಣಿ, ಕೆರೆಯ ಒರತೆ. ಆ ಬಾವಿಗಳು ಬತ್ತಿದ ಮೇಲೆ ಮೊದಲು ಇನ್ನೂರು ಅಡಿ, ಆಮೇಲೆ ನಾನೂರು, ಈಗ ಸಾವಿರ. ಅಂತರ್ಜಲವನ್ನು ಅತಿಯಾಗಿ ಬಳಸಿಕೊಂಡ ತಾಲ್ಲೂಕುಗಳ ಪಟ್ಟಿಯಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿಗಳ ಹೆಸರು ಬಂದಿರುವುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಬಾಕ್ಸೈಟ್ ಊರಿನವರು 1909ರಲ್ಲಿ ಮಾಡಿದ್ದನ್ನೇ ನಾವು ತೋಟ ತೋಟದಲ್ಲಿಯೂ ಮಾಡಿದ್ದೇವೆ.

ತೋಟ ಹಸಿರಾಗಿದೆಯಲ್ಲ, ನೀರು ಕೆಟ್ಟದ್ದಾಗಿದ್ದರೆ ಮರ ಒಣಗುತ್ತಿರಲಿಲ್ಲವೆ ಎಂಬುದು ಮತ್ತೊಂದು ಮಾತು. ತೆಂಗಿನ ಮರಕ್ಕೆ ಹಲ್ಲೂ ಇಲ್ಲ, ಮೊಣಕಾಲೂ ಇಲ್ಲ. ಪಕ್ಕದ ತೋಟದವರು ಪರೀಕ್ಷೆ ಮಾಡಿಸಿದ್ದಾರೆ, ಒಳ್ಳೆಯದೆಂದು ಬಂತು ಎನ್ನುವವರಿಗೆ ಒಂದು ಮಾತು: ಗಟ್ಟಿಬಂಡೆಯ ನಾಡಿನಲ್ಲಿ ನೆಲದಡಿಯ ನೀರು ಕೆರೆಯಂತೆ ಒಂದೇ ಹರವಾಗಿಲ್ಲ, ಅದು ಬಿರುಕು ಬಿರುಕುಗಳಲ್ಲಿ ಬೇರೆ ಬೇರೆಯಾಗಿ ನಿಂತಿದೆ. ನಿಮ್ಮ ಪಕ್ಕದವರ ಬೋರಿನಲ್ಲಿ ಎರಡಿಂಚು ನೀರು ಬಂದು ನಿಮ್ಮದು ಬರೀ ಧೂಳೆಬ್ಬಿಸಿದ್ದು ಏಕೆಂದು ನೀವೇ ಕೇಳಿಕೊಂಡಿರಲಿಲ್ಲವೆ? ಪ್ರಮಾಣದಲ್ಲಿ ಅಷ್ಟು ವ್ಯತ್ಯಾಸವಿದ್ದಮೇಲೆ ಗುಣದಲ್ಲಿಯೂ ಇರಬಹುದು.

ಕಾಯಿಸಿ ಕುಡಿಯುತ್ತೇವೆ ಎಂಬುವರಿದ್ದಾರೆ. ಕಾಯಿಸುವುದರಿಂದ ಕ್ರಿಮಿ ಸಾಯುತ್ತದೆ. ಫ್ಲೋರೈಡು ಸಾಯುವ ವಸ್ತುವಲ್ಲ. ಆವಿಯಾಗಿ ಹೋದ ನೀರಿನಷ್ಟು ಅದು ಇನ್ನೂ ಸಾಂದ್ರವಾಗುವುದು. ಬತ್ತಿಯ ಶೋಧಕವೂ ನೇರಿಳಾತೀತ ಕಿರಣದ ಪೆಟ್ಟಿಗೆಯೂ ಅದನ್ನು ತಡೆಯಲಾರವು. ಇನ್ನು, ಶುದ್ಧೀಕರಣ ಯಂತ್ರವನ್ನು ಮಾರಲು ಬರುವವನು ಜೇಬಿನಿಂದ ಪೆನ್ನಿನಂಥ ಮಾಪಕವನ್ನು ತೆಗೆದು ನೀರಿನಲ್ಲಿ ಅದ್ದಿ, ಕರಗಿದ ಲವಣಗಳ ಒಟ್ಟು ಅಂಕಿಯನ್ನು ತೋರಿಸುವುದುಂಟು. ಒಟ್ಟು ಲವಣ 300 ಇರುವ ನೀರಿನಲ್ಲಿ ಫ್ಲೋರೈಡು 2 ಇರಬಹುದು. ಒಟ್ಟು 900 ಇರುವುದರಲ್ಲಿ ಅರ್ಧವೂ ಇಲ್ಲದಿರಬಹುದು. ತಿಪಟೂರಿನ ಮಂಡಿಯಲ್ಲಿ ಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಒಳಗಿನ ಗಿಟುಕು ಬಿಟ್ಟುಕೊಂಡಿದೆಯೆ ಎಂದು ಹೇಳಬಲ್ಲ ಜನ, ಲಾರಿಯ ತೂಕದ ಚೀಟಿಯನ್ನು ಇಡೀ ಹೊರೆಯ ಗುಣದ ಪ್ರಮಾಣಪತ್ರವೆಂದು ಒಪ್ಪುವರೆ?

ಹಾಗಾದರೆ ಪರೀಕ್ಷೆ ಮಾಡಿಸುವುದು ಹೇಗೆ? ಕಷ್ಟವಾದ ಕೆಲಸವೇನೂ ಅಲ್ಲ. ಒಂದು ಲೀಟರಿನ ಶುಭ್ರವಾದ ಪ್ಲಾಸ್ಟಿಕ್ ಬಾಟಲಿ ಸಾಕು. ಫ್ಲೋರೈಡಿನ ಪರೀಕ್ಷೆಗೆ ಗಾಜಿಗಿಂತ ಪ್ಲಾಸ್ಟಿಕ್ಕೇ ಮೇಲು. ಪಂಪನ್ನು ಹತ್ತು ನಿಮಿಷ ಓಡಿಸಿ, ಕೊಳವೆಯಲ್ಲಿ ನಿಂತಿದ್ದ ನೀರನ್ನು ಹೊರಚೆಲ್ಲಿದ ಮೇಲೆ, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಬೇಕು. ತೊಟ್ಟಿಯಿಂದ ಹಿಡಿಯಬಾರದು. ಬಾಟಲಿಯ ಮೇಲೆ ಹೆಸರು, ಊರು, ಬಾವಿಯ ಆಳ, ತಾರೀಖುಗಳನ್ನು ಬರೆದು ಅಂಟಿಸಬೇಕು. ಪ್ರಯೋಗಶಾಲೆಯಲ್ಲಿ "ನೀರು ಪರೀಕ್ಷೆ ಮಾಡಿ" ಎಂದಷ್ಟೇ ಹೇಳಿ ಬರಬೇಡಿ. ಓಕ್ಲಿಯ ಕಥೆಯನ್ನು ನೆನೆದು, ಫ್ಲೋರೈಡೆಂದು ಹೆಸರು ಹಿಡಿದು ಕೇಳಿರಿ. ಜೊತೆಗೆ ನೈಟ್ರೇಟನ್ನೂ ಕೇಳುವುದು ಒಳ್ಳೆಯದು. ಅದು ಕಲ್ಲಿನಿಂದ ಬರುವುದಕ್ಕಿಂತ ತಿಪ್ಪೆ, ಗೊಬ್ಬರ, ಶೌಚದ ಗುಂಡಿಗಳಿಂದ ಬರುವುದೇ ಹೆಚ್ಚು. ಕರ್ನಾಟಕದ ಪೂರ್ವ ಜಿಲ್ಲೆಗಳ ಕೆಲವು ಆಳವಾದ ಬಾವಿಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಲೀಟರಿಗೆ 30 ಮೈಕ್ರೋಗ್ರಾಮಿಗಿಂತ ಹೆಚ್ಚಿನ ಯುರೇನಿಯಂ ಇರುವುದನ್ನು ಬೆಂಗಳೂರಿನ ವಿಜ್ಞಾನಿಗಳು ಈಚಿನ ವರ್ಷಗಳಲ್ಲಿ ಪ್ರಕಟಿಸಿದ್ದಾರೆ. ಅದರ ಪರೀಕ್ಷೆ ಎಲ್ಲ ಪ್ರಯೋಗಶಾಲೆಗಳಲ್ಲಿಯೂ ಆಗದು; ಆಗುವ ಕಡೆ ಅದನ್ನೂ ಕೇಳಬಹುದು. ಬೇಸಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಪರೀಕ್ಷಿಸಿದರೆ ಬಾವಿಯ ಸ್ವಭಾವ ತಿಳಿಯುತ್ತದೆ. ಬಾವಿಯನ್ನು ಇನ್ನಷ್ಟು ಆಳಕ್ಕೆ ಇಳಿಸಿದರೆ ಹಳೆಯ ವರದಿಗೆ ಬೆಲೆಯಿಲ್ಲ.

ಪ್ರಯೋಗಶಾಲೆ ದೂರವೆನ್ನುವವರಿಗೆ ಊರಿನಲ್ಲಿಯೇ ಒಂದು ದಾರಿಯಿದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನ ಕ್ರಮದಂತೆ ಪ್ರತಿಯೊಂದು ಹಳ್ಳಿಯಲ್ಲಿಯೂ ಐದು ಮಂದಿಗೆ, ಮುಖ್ಯವಾಗಿ ಹೆಂಗಸರಿಗೆ, ನೀರಿನ ಪರೀಕ್ಷೆಯ ಪೆಟ್ಟಿಗೆಯನ್ನು ಬಳಸುವ ತರಬೇತಿ ಕೊಡಬೇಕಾಗಿದೆ. ಜಿರ್ಕೋನಿಯಂ ಸೇರಿದ ಬಣ್ಣದ ದ್ರಾವಣದ ಕೆಲವು ಹನಿಗಳನ್ನು ನೀರಿಗೆ ಬೆರೆಸಿದರೆ, ಫ್ಲೋರೈಡು ಹೆಚ್ಚಿದ್ದಷ್ಟೂ ಗುಲಾಬಿಯ ಬಣ್ಣವು ಹಳದಿಯ ಕಡೆಗೆ ತಿರುಗುತ್ತದೆ. ಅದನ್ನು ಒಂದು ಕಾರ್ಡಿನ ಮೇಲಿನ ಬಣ್ಣಗಳೊಡನೆ ಹೋಲಿಸಿ ನೋಡಬೇಕು. ಇದು ಕಡೆಯ ತೀರ್ಪಲ್ಲ. ಸಂಶಯವನ್ನು ಹುಟ್ಟಿಸುವುದಕ್ಕೆ ಸಾಕು. ಈ ಪೆಟ್ಟಿಗೆಗಳು ಊರಿನ ಸಾರ್ವಜನಿಕ ಬಾವಿಗಳಿಗೆ ಮಾತ್ರ ಮೀಸಲಾಗಿರಬೇಕೆ? ಪಂಚಾಯಿತಿಗಳು ವರ್ಷಕ್ಕೊಮ್ಮೆ ಅವನ್ನು ತೋಟದ ಮನೆಗಳಿಗೂ ಕಳುಹಿಸಲಿ, ಆ ಹೆಣ್ಣುಮಕ್ಕಳಿಗೆ ಒಂದು ಬಾವಿಗೆ ಇಷ್ಟೆಂದು ಕೂಲಿಯನ್ನು ಕೊಡಲಿ ಎಂಬುದು ನಮ್ಮ ಒತ್ತಾಯ.

ಬಾಂಗ್ಲಾದೇಶದಲ್ಲಿ ಕೊಳವೆ ಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿರುವುದು ತಿಳಿದುಬಂದಾಗ, ಈ ಶತಮಾನದ ಆರಂಭದ ವರ್ಷಗಳಲ್ಲಿ ಸುಮಾರು ಐವತ್ತು ಲಕ್ಷ ಬಾವಿಗಳನ್ನು ಇಂಥ ಪೆಟ್ಟಿಗೆಗಳಿಂದಲೇ ಪರೀಕ್ಷಿಸಿ, ಮಿತಿ ಮೀರಿದವಕ್ಕೆ ಕೆಂಪು ಬಣ್ಣವನ್ನೂ ಉಳಿದವಕ್ಕೆ ಹಸಿರು ಬಣ್ಣವನ್ನೂ ಬಳಿದರು. ಓದು ಬಾರದವರಿಗೂ ತಿಳಿಯುವ ವರದಿ ಅದು. ಅಮೆರಿಕದ ನ್ಯೂಜೆರ್ಸಿ ಪ್ರಾಂತದಲ್ಲಿ 2001ರ ಕಾಯಿದೆಯೊಂದರ ಪ್ರಕಾರ, ಸ್ವಂತ ಬಾವಿಯುಳ್ಳ ಮನೆಯನ್ನು ಮಾರುವಾಗ ನೀರಿನ ಪರೀಕ್ಷೆಯ ವರದಿಯನ್ನು ಕೊಳ್ಳುವವನಿಗೂ ಮಾರುವವನಿಗೂ ತೋರಿಸಲೇಬೇಕು. ನಮ್ಮಲ್ಲಿ ತೋಟವನ್ನು ಕ್ರಯಕ್ಕೆ ಕೊಡುವಾಗ ಮರಗಳ ಲೆಕ್ಕ, ಬಾವಿಯ ಲೆಕ್ಕ, ವಿದ್ಯುತ್ ಸಂಪರ್ಕದ ಲೆಕ್ಕಗಳೆಲ್ಲ ಪತ್ರದಲ್ಲಿ ಬರುತ್ತವೆ. ನೀರಿನ ಗುಣವೂ ಒಂದು ಸಾಲಾಗಿ ಬಂದರೆ ಪತ್ರ ಬರೆಯುವವರಿಗೆ ಹೆಚ್ಚಿನ ಶ್ರಮವಾಗದು.

ಇಲ್ಲಿಯೇ ಒಂದು ಭಯವೂ ಅಡಗಿದೆಯೆಂಬುದನ್ನು ಒಪ್ಪಿಕೊಳ್ಳುತ್ತೇವೆ. ವರದಿ ಕೆಟ್ಟದ್ದಾಗಿ ಬಂದರೆ ತೋಟದ ಬೆಲೆ ಇಳಿದೀತು, ಆ ಮನೆಗೆ ಹೆಣ್ಣು ಕೊಡಲು ಹಿಂಜರಿದಾರು ಎಂಬ ಭಯ. ಅದು ಆಧಾರವಿಲ್ಲದ ಭಯವಲ್ಲ. ಆದರೆ ವರದಿಯಿಲ್ಲದಿದ್ದರೆ ಫ್ಲೋರೈಡು ಇಲ್ಲವಾಗುವುದಿಲ್ಲ. ಹತ್ತು ವರ್ಷಗಳ ತರುವಾಯ ಮಕ್ಕಳ ಹಲ್ಲುಗಳೇ ಆ ವರದಿಯನ್ನು ಊರಿಗೆಲ್ಲ ಓದಿ ಹೇಳುತ್ತವೆ. ವರದಿ ಕೆಟ್ಟದ್ದಾಗಿ ಬಂದ ಮಾತ್ರಕ್ಕೆ ಬಾವಿಯನ್ನು ಮುಚ್ಚಬೇಕಾಗಿಯೂ ಇಲ್ಲ. ತೋಟಕ್ಕೆ, ಸ್ನಾನಕ್ಕೆ, ಬಟ್ಟೆಗೆ ಅದೇ ನೀರು ಆಗಬಹುದು. ಬೇರೆ ನೀರು ಬೇಕಾದದ್ದು ಕುಡಿಯುವುದಕ್ಕೂ ಅಡುಗೆಗೂ ಮಾತ್ರ. ತಲೆಗೆ ಎಂಟು ಲೀಟರೆಂದರೆ ಐದು ಮಂದಿಗೆ ದಿನಕ್ಕೆ ನಲವತ್ತು, ವರ್ಷಕ್ಕೆ 14,600 ಲೀಟರು. ಈ ಸೀಮೆಯಲ್ಲಿ ವರ್ಷಕ್ಕೆ ಆರೇಳುನೂರು ಮಿಲಿಮೀಟರು ಮಳೆಯಾಗುತ್ತದೆ. ಐವತ್ತು ಚದರ ಮೀಟರಿನ ಹೆಂಚಿನ ಮನೆಯ ಮೇಲೆ 600 ಮಿಲಿಮೀಟರು ಬಿದ್ದರೆ 30,000 ಲೀಟರಾಯಿತು. ಕಾಲುಭಾಗ ವ್ಯರ್ಥವಾದರೂ 22,500 ಉಳಿಯಿತು. ಮಳೆಯ ನೀರಿನಲ್ಲಿ ಬಂಡೆಯ ಫ್ಲೋರೈಡಿಲ್ಲ. ತಿಪಟೂರಿನಲ್ಲಿ ನೆಲೆಯೂರಿರುವ ಬೈಫ್ ಸಂಸ್ಥೆಯವರು ಫ್ಲೋರೈಡು ಪೀಡಿತ ಹಳ್ಳಿಗಳಲ್ಲಿ ಚಾವಣಿಯ ನೀರನ್ನು ತೊಟ್ಟಿಗಳಲ್ಲಿ ಸಂಗ್ರಹಿಸುವ ಕೆಲಸವನ್ನು ಮಾಡಿ ತೋರಿಸಿದ್ದಾರೆ. ತೊಟ್ಟಿ ಕಟ್ಟಿಸಲಾಗದವರು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರಬಹುದು. ಆ ಘಟಕದ ನೀರನ್ನು ಕಡೆಯ ಸಲ ಎಂದು ಪರೀಕ್ಷಿಸಿದರೆಂದು ಕೇಳುವ ಹಕ್ಕೂ ನಾಣ್ಯ ಹಾಕುವವರಿಗಿದೆ. ನಾಗಪುರದ ವಿಜ್ಞಾನಿಗಳು ನಲಗೊಂಡದ ಹೆಸರಿನಲ್ಲಿ ಬಳಕೆಗೆ ತಂದ, ಪಟಿಕ ಮತ್ತು ಸುಣ್ಣವನ್ನು ಬೆರೆಸಿ ಫ್ಲೋರೈಡನ್ನು ಕೆಳಗಿಳಿಸುವ ವಿಧಾನವೂ ಒಂದಿದೆ. ಅಳತೆ ತಪ್ಪಿದರೆ ಕೆಡುವುದರಿಂದ ಅದನ್ನು ತಿಳಿದವರಿಂದ ಕಲಿತೇ ಮಾಡಬೇಕು.

ಪ್ರಯೋಗಶಾಲೆಗಳವರಿಗೂ ಒಂದು ಮಾತು ಹೇಳಬೇಕಾಗಿದೆ. ನಾವು ಕಂಡ ಒಂದು ವರದಿಯಲ್ಲಿ ಇಂಗ್ಲಿಷಿನ ಇಪ್ಪತ್ತು ಸಾಲು ಅಂಕಿಗಳಿದ್ದವು. ಈ ನೀರನ್ನು ಕುಡಿಯಬಹುದೋ ಬಾರದೋ ಎಂಬ ಒಂದು ವಾಕ್ಯವಿರಲಿಲ್ಲ. ಅದನ್ನು ತಂದ ರೈತನು ಆ ಕಾಗದವನ್ನು ದೇವರ ಗೂಡಿನಲ್ಲಿ ಮಡಿಸಿಟ್ಟು, ಬೋರಿನ ನೀರನ್ನೇ ಕುಡಿಯುತ್ತಿದ್ದನು. ವರದಿಯ ಕೊನೆಯಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆಯುವುದು ದೊಡ್ಡ ಮಾತಲ್ಲ: ಕುಡಿಯಲು ತಕ್ಕುದು, ಅಥವಾ ಮಕ್ಕಳಿಗೂ ಅಡುಗೆಗೂ ತಕ್ಕುದಲ್ಲ. ರೈತರು ಅದರ ಒಂದು ಪ್ರತಿಯನ್ನು ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಲಿ. ಮೋಟಾರು ಕೆಟ್ಟಾಗ ಬರುವವನ ಕಣ್ಣಿಗೂ, ನಾಳೆ ತೋಟವನ್ನು ನೋಡಿಕೊಳ್ಳುವ ಮಗನ ಕಣ್ಣಿಗೂ ಅದು ಬೀಳುತ್ತದೆ.

ಈ ಮೂರು ತಾಲ್ಲೂಕುಗಳ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಪರೀಕ್ಷೆ ಮಾಡಿಸಿದವರು ಬಾವಿಯ ಆಳ, ನೀರು ಹಿಡಿದ ತಿಂಗಳು, ಫ್ಲೋರೈಡಿನ ಅಂಕಿ, ಹಳ್ಳಿಯ ಹೆಸರು, ಇವಿಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ಕಾರ್ಯಾಲಯಕ್ಕೆ ಕಳುಹಿಸಿದರೆ, ಯಾರ ಹೆಸರನ್ನೂ ಹಾಕದೆ, ಹೋಬಳಿಗಳ ಕ್ರಮದಲ್ಲಿ ಅಚ್ಚುಮಾಡುತ್ತೇವೆ. ಅಂಕಿ ಒಳ್ಳೆಯದಾಗಿ ಬಂದವರೂ ಬರೆಯಬೇಕು.